ನಮೂನೆಯಲ್ಲಿಲ್ಲದ ಬೀಗರು

ಫ್ಲಾಸ್ಕಮ್ಮನವರು ಲಿಫ್ಟ್ ಕಂಪನಿಯಲ್ಲಿ ಮೇಲೆ ಹೋದದ್ದು ಮೆಟ್ಟಿಲು ಹತ್ತಿ. ನೆಲಮಹಡಿಯಲ್ಲಿ ಟೈಪಿಸ್ಟಾಗಿ ಸೇರಿದವರು, ಮೊದಲ ಮಹಡಿಯ ಖರೀದಿ ವಿಭಾಗ, ಎರಡನೆಯ ಮಹಡಿಯ ಗುಣಮಟ್ಟ ವಿಭಾಗ ದಾಟಿ, ಐವತ್ನಾಲ್ಕನೆಯ ವಯಸ್ಸಿಗೆ ಮೂರನೆಯ ಮಹಡಿಯ ಮೂಲೆಕೋಣೆ ಮುಟ್ಟಿದ್ದರು. ಬಾಗಿಲ ಮೇಲೆ 'ನೀತಿ ಮತ್ತು ನಿಯಮ ಪಾಲನೆ' ಎಂಬ ಫಲಕವಿತ್ತು. ಮಾರಾಟದವರು ಅದನ್ನು 'ನೀತಿ ಪಾಠ, ನಿಯಮ ಕಾಟ' ಎಂದು ಓದಿಕೊಳ್ಳುತ್ತಿದ್ದರು.

ಕೋಣೆ ಚಿಕ್ಕದು. ಒಂದು ಗಾಜಿನ ಬೀರು, ಅದರೊಳಗೆ ವಾಪಸಾತಿಗೆ ಕಾದಿರುವ ಗಡಿಯಾರ, ಪೆನ್ನಿನ ಸೆಟ್ಟು, ರಿಬ್ಬನ್ ಬಿಚ್ಚದ ಡಬ್ಬಗಳು. ಮೇಜಿನ ಮೇಲೆ ಉಡುಗೊರೆ ಪುಸ್ತಕ. ಕಂಪನಿಯಲ್ಲಿ ಯಾರಿಗೆ ಯಾರು ಏನು ಕೊಟ್ಟರೂ ಅದರಲ್ಲಿ ಬರೆಯಬೇಕು. "ಪೆನ್ನಾದ್ರೂ ಸರಿ, ಪಿನ್ನಾದ್ರೂ ಸರಿ, ಬರೀರಿ" ಎನ್ನುವುದು ಅವರ ಖಾಯಂ ಮಾತು. ಪುಸ್ತಕದ ಪಕ್ಕದಲ್ಲಿ ನಮೂನೆಗಳ ಕಟ್ಟು. ಫ್ಯಾನಿನ ಗಾಳಿಗೆ ಅದು ಹಾರದಂತೆ ಮೇಲೊಂದು ಬಾಗಿದ ಕಪ್ಪು ತುಂಡು. ಕಿಟಕಿಯಾಚೆ ಲಿಫ್ಟ್ ಪರೀಕ್ಷಿಸುವ ಗೋಪುರ. ಅದರಲ್ಲಿ ಮರಳು ಚೀಲಗಳು ಬೆಳಗಿನಿಂದ ಸಂಜೆಯವರೆಗೆ ಮೇಲೆ ಕೆಳಗೆ ಪ್ರಯಾಣ ಮಾಡುತ್ತಿದ್ದವು. ಇಷ್ಟು ಸಲ ಮೇಲೆ ಹೋಗಿಯೂ ತಲೆ ತಿರುಗದವು ಈ ಕಂಪನಿಯಲ್ಲಿ ಅವು ಮಾತ್ರ ಎಂದು ಫ್ಲಾಸ್ಕಮ್ಮನವರು ಹೇಳುತ್ತಿದ್ದರು.

ಫ್ಲಾಸ್ಕಿನ ಕಥೆ ಹಳೆಯದು. ಬಿಡಿಭಾಗ ಪೂರೈಸುವವರ ಕಾರ್ಖಾನೆಗಳಿಗೆ ವರ್ಷಕ್ಕೊಮ್ಮೆ ಹೋಗಿ, ಎಲ್ಲ ಸರಿಯಾಗಿದೆಯೇ ಎಂದು ತಪಾಸಣೆ ಮಾಡಿ, ಪಾಸೋ ಫೇಲೋ ಬರೆಯುವುದು ಅವರ ಕೆಲಸ. ಮೊಟ್ಟಮೊದಲು ಹೋದದ್ದು ಬಣ್ಣ ಪೂರೈಸುವವರಲ್ಲಿಗೆ. ಅವರು ಕುರ್ಚಿ ಒರೆಸಿ ಕೂರಿಸಿದರು, ಚಹಾ ಕೊಟ್ಟರು, ತಟ್ಟೆ ತುಂಬ ಬಿಸ್ಕತ್ತು ಇಟ್ಟರು, "ನಮ್ಮ ಅಕ್ಕ ಬಂದ ಹಾಗಾಯ್ತು" ಎಂದರು. ಆಮೇಲೆ ನೋಡಿದರೆ ಬಣ್ಣ ನೀರಿಗಿಂತ ತೆಳ್ಳಗೆ. ಫೇಲ್ ಎಂದು ಬರೆಯಲು ಪೆನ್ನು ಎತ್ತಿದರೆ ಕೈ ಓಡಲಿಲ್ಲ. "ಉಂಡ ಮನೆಗೆ ಎರಡು ಬಗೀಬಾರ್ದು ಕಣೇ" ಎಂದು ಅವರ ತಾಯಿ ಬಾಲ್ಯದಿಂದ ಕಿವಿಯಲ್ಲಿ ಕೂರಿಸಿದ್ದ ಗಾದೆ ಅಲ್ಲೇ ಬೇರು ಬಿಟ್ಟಿತ್ತು. ಕೊನೆಗೆ 'ಪರವಾಗಿಲ್ಲ' ಎಂದು ಬರೆದು ಬಂದರು. ಆ ವರ್ಷ ಮೂವತ್ತು ಲಿಫ್ಟುಗಳ ಬಾಗಿಲು ಹಾವಿನ ಪೊರೆಯ ಹಾಗೆ ಬಣ್ಣ ಕಳಚಿಕೊಂಡವು.

ಗಾದೆಯನ್ನು ಸುಳ್ಳು ಮಾಡುವ ಹಾಗಿಲ್ಲ, ವರದಿಯನ್ನೂ ಸುಳ್ಳು ಮಾಡುವ ಹಾಗಿಲ್ಲ. ಎರಡು ರಾತ್ರಿ ಯೋಚಿಸಿ ಫ್ಲಾಸ್ಕಮ್ಮನವರು ದಾರಿ ಕಂಡುಕೊಂಡರು: ಉಣ್ಣದಿದ್ದರೆ ಆಯಿತಲ್ಲ! ಮರುದಿನವೇ ಎರಡು ಲೋಟ ಹಿಡಿಯುವ ಉಕ್ಕಿನ ಫ್ಲಾಸ್ಕು ಕೊಂಡರು. ಅಲ್ಲಿಂದ ಮುಂದೆ ಯಾರ ಕಾರ್ಖಾನೆಗೆ ಹೋದರೂ ತಮ್ಮದೇ ಚಹಾ, ತಮ್ಮದೇ ರೊಟ್ಟಿ, ತಮ್ಮದೇ ನೀರು. ಚಹಾದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿಗೆ ಹೋದರೆ ಇವರೊಬ್ಬರೇ ಗೇಟಿನ ಪಕ್ಕದ ಬೆಂಚಿನಲ್ಲಿ ಕೂತು ಮುಚ್ಚಳದಲ್ಲಿ ಬಗ್ಗಿಸಿ ಕುಡಿಯುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು. ಫ್ಲಾಸ್ಕಿಗೆ ಒಂದು ನೆಗ್ಗು ಬಿತ್ತು, ಅವರಿಗೆ ಒಂದು ಹೆಸರು ಬಿತ್ತು.

ಅವರ ಯಜಮಾನರದು ಡ್ರೈವಿಂಗ್ ಸ್ಕೂಲು. ಮಾತಿನಲ್ಲೂ ನಡೆಯಲ್ಲೂ ಗೇರು ಬದಲಿಸದ ಮನುಷ್ಯ. ಒಬ್ಬನೇ ಮಗ ಹಲ್ಲಿನ ಡಾಕ್ಟರು. ಬುದ್ಧಿಹಲ್ಲು ಕೀಳಿಸಿಕೊಳ್ಳಲು ಬಂದ ಕನ್ನಡಕದಂಗಡಿಯ ಹುಡುಗಿಯೊಬ್ಬಳು, ಬುದ್ಧಿಯನ್ನೂ ಹಲ್ಲನ್ನೂ ಅವನ ತಟ್ಟೆಯಲ್ಲೇ ಬಿಟ್ಟುಹೋದಳು. ವರ್ಷವೊಂದು ಕಳೆದ ಮೇಲೆ ಮಗ ಬಾಯಿ ಬಿಟ್ಟ. ಬೇರೆಯವರ ಬಾಯಿ ಬಿಡಿಸುವುದೇ ಅವನ ಕಸುಬಾದ್ದರಿಂದ ತನ್ನದು ತಡವಾಗಿತ್ತು. ಹುಡುಗಿಯ ತಂದೆ ಏನೋ ಕಾರ್ಖಾನೆ ನಡೆಸುತ್ತಾರೆ ಎಂದಷ್ಟೇ ಹೇಳಿದ.

ಒಂದು ಭಾನುವಾರ ಬೆಳಿಗ್ಗೆ ಮೂವರೂ ಹುಡುಗಿಯ ಮನೆಗೆ ಹೋದರು. ಕರೆಗಂಟೆ ಒತ್ತಿದರು. ಬಾಗಿಲು ತೆರೆದವರು ಬನಿಯನ್ನಿನ ಮೇಲೆ ಅವಸರದಲ್ಲಿ ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದ, ದಪ್ಪ ಮೀಸೆಯ ಲೈನಿಂಗ್ ಸಾಹುಕಾರರು. ಲಿಫ್ಟ್ ಎಲ್ಲೆಂದರಲ್ಲಿ ಜಾರದಂತೆ ಹಿಡಿದು ನಿಲ್ಲಿಸುವ ಬ್ರೇಕಿಗೆ ಒಳಪದರವೊಂದು ಬೇಕು. ಅದಕ್ಕೆ ಲೈನಿಂಗ್ ಎನ್ನುತ್ತಾರೆ. ಫ್ಲಾಸ್ಕಮ್ಮನವರ ಕಂಪನಿಗೆ ಅದನ್ನು ಪೂರೈಸುತ್ತಿದ್ದವರು ಇವರೇ. ಹನ್ನೊಂದು ವರ್ಷದಿಂದ ಇವರ ಕಾರ್ಖಾನೆಗೆ ಪಾಸ್ ಬರೆಯುತ್ತಿದ್ದವರು ಫ್ಲಾಸ್ಕಮ್ಮನವರೇ.

ಸಾಹುಕಾರರ ಕೈ ಮೂರನೆಯ ಗುಂಡಿಯಲ್ಲಿ ನಿಂತಿತು.

"ಮೇಡಂ! ಭಾನುವಾರಾನೂ ಆಡಿಟ್ಟಾ?"

"ಇಲ್ಲ ಸಾಹುಕಾರ್ರೇ," ಎಂದರು ಫ್ಲಾಸ್ಕಮ್ಮನವರು. "ಇವತ್ತು ನಿಮ್ಮ ಮಗಳನ್ನ ನೋಡೋಕೆ ಬಂದಿದೀವಿ. ನಾನು ಹುಡುಗನ ತಾಯಿ."

ಸಾಹುಕಾರರು ಒಂದು ಕ್ಷಣ ಬೆಪ್ಪಾಗಿ, ಮರುಕ್ಷಣ ಮನೆ ನಡುಗುವಂತೆ ನಕ್ಕರು. "ಏ ಇವಳೇ, ಬಾ ಇಲ್ಲಿ! ಹನ್ನೊಂದು ವರ್ಷದಿಂದ ನಮ್ಮಲ್ಲಿ ಒಂದು ಲೋಟ ನೀರು ಮುಟ್ಟದವರು ಬೀಗಿತಿಯಾಗಿ ಬಂದಿದಾರೆ!"

ಚಹಾ ಬಂತು. ಫ್ಲಾಸ್ಕು ಮನೆಯಲ್ಲಿತ್ತು. ಹುಡುಗಿಯೇ ತಟ್ಟೆ ಹಿಡಿದು ನಿಂತಿದ್ದಳು. ಮಗ ಉಸಿರು ಹಿಡಿದು ನೋಡುತ್ತಿದ್ದ. ಫ್ಲಾಸ್ಕಮ್ಮನವರು ಲೋಟ ತೆಗೆದುಕೊಂಡರು, ಕುಡಿದರು. ಚೆನ್ನಾಗಿತ್ತು; ಅದೇ ತೊಂದರೆ.

ಮಾತು ಸಾಗಿತು. ಶೋಕೇಸಿನಲ್ಲಿ ಬೊಂಬೆಗಳ ನಡುವೆ ಒಂದು ಪುಟ್ಟ ಮನೆ ಇತ್ತು. ಗೋಡೆ, ಸೂರು ಎಲ್ಲ ಬಾಗಿದ ಕಪ್ಪು ತುಂಡುಗಳು. ಫ್ಲಾಸ್ಕಮ್ಮನವರಿಗೆ ದೂರದಿಂದಲೇ ಗೊತ್ತಾಯಿತು, ಅವು ಲೈನಿಂಗ್‌ಗಳು.

"ಇವಳು ಚಿಕ್ಕೋಳಿದ್ದಾಗ ಕಟ್ಟಿದ್ದು," ಎಂದರು ಹುಡುಗಿಯ ತಾಯಿ, ಹೆಮ್ಮೆಯಿಂದ. "ರಜಾ ಬಂತು ಅಂದ್ರೆ ಕ್ಯಾಂಟೀನ್ ಹಿಂದಿನ ಶೆಡ್ಡಲ್ಲೇ ಇರ್ತಿದ್ಲು. ರಿಜೆಕ್ಟ್ ಆಗಿದ್ದೆಲ್ಲ ಅಲ್ಲಿ ರಾಶಿ ಬಿದ್ದಿರುತ್ತಲ್ಲ."

"ಈಗಲೂ?"

"ಈಗಲೂ ಬಿದ್ದಿದೆ, ಬೆಟ್ಟದಷ್ಟು. ಎಸೀರೀ ಅಂದ್ರೆ ಇವರು ಕೇಳಲ್ಲ."

ಲೋಟದಲ್ಲಿ ಉಳಿದಿದ್ದ ಚಹಾ ಫ್ಲಾಸ್ಕಮ್ಮನವರ ಕೈಯಲ್ಲೇ ತಣ್ಣಗಾಯಿತು. ಪರೀಕ್ಷೆಯಲ್ಲಿ ಸೋತ ಲೈನಿಂಗನ್ನು ಅಂದೇ ಒಡೆದು ಹಾಕಬೇಕು. ಇಡೀ ತುಂಡು ಉಳಿದರೆ, ಅವಸರದ ದಿನ ಯಾರೋ ಕೈಗೆ ಸಿಕ್ಕಿದ್ದನ್ನು ಒಳ್ಳೆಯ ಡಬ್ಬಕ್ಕೆ ಹಾಕಿಬಿಡಬಹುದು. ಸಾಹುಕಾರರ ದಾಖಲೆಯಲ್ಲಿ ಹನ್ನೊಂದು ವರ್ಷವೂ 'ಒಡೆದು ವಿಲೇವಾರಿ ಮಾಡಲಾಗಿದೆ' ಎಂದೇ ಇತ್ತು. ಅದರ ಕೆಳಗೆ 'ನೋಡಿದ್ದೇನೆ' ಎಂದು ಫ್ಲಾಸ್ಕಮ್ಮನವರ ಸಹಿ ಇತ್ತು. ನೋಡಿದ್ದು ಪುಸ್ತಕ. ಶೆಡ್ಡು ಇದ್ದದ್ದು ಕ್ಯಾಂಟೀನಿನ ಹಿಂದೆ. ಅವರು ಕೂರುತ್ತಿದ್ದದ್ದು ಗೇಟಿನ ಬೆಂಚಿನಲ್ಲಿ.

ವಾಪಸು ಬರುವಾಗ ಯಜಮಾನರ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಫ್ಲಾಸ್ಕಮ್ಮನವರು ಎಲ್ಲ ಹೇಳಿದರು.

"ಅಮ್ಮ," ಎಂದ ಮಗ ಹಿಂದಿನ ಸೀಟಿನಿಂದ, "ನೀನು ಬರೆದ್ರೆ ಅವರು ಹುಡುಗೀನ ಕೊಡಲ್ಲ ಅಂದ್ಬಿಡ್ತಾರೆ. ಬಹಳ ಸ್ವಾಭಿಮಾನಿ ಅವರು."

"ಬರೀದಿದ್ರೆ?"

ಮಗನ ಕ್ಲಿನಿಕ್ಕು ಏಳನೆಯ ಮಹಡಿಯಲ್ಲಿತ್ತು. ದಿನಾ ಹತ್ತುತ್ತಿದ್ದದ್ದು ಅಮ್ಮನ ಕಂಪನಿಯ ಲಿಫ್ಟೇ.

ಯಜಮಾನರು ಸಿಗ್ನಲ್ಲಿನಲ್ಲಿ ನಿಂತಾಗ ಬಾಯಿ ತೆರೆದರು. "ಈ ಕಾರಲ್ಲಿ ಎರಡು ಬ್ರೇಕ್ ಇದೆ. ಕಲಿಯೋರಿಗೊಂದು, ನನಗೊಂದು. ಅವರ ಮೇಲೆ ಅನುಮಾನ ಅಂತಲ್ಲ. ರಸ್ತೇಲಿ ಹೋಗೋರಿಗೆ ನಾವಿಬ್ಬರೂ ಏನೂ ಆಗ್ಬೇಕಾಗಿಲ್ಲವಲ್ಲ, ಅದಕ್ಕೆ." ಹಸಿರು ಬಂತು. ಅವರು ಕಾರು ಮುಂದಕ್ಕೆ ಬಿಟ್ಟರು.

ಸೋಮವಾರ ಫ್ಲಾಸ್ಕಮ್ಮನವರು ಕಪ್ಪು ತುಂಡನ್ನು ಪಕ್ಕಕ್ಕೆ ಸರಿಸಿ, ಕಟ್ಟಿನಿಂದ 'ಸಂಬಂಧ ಘೋಷಣೆ'ಯ ನಮೂನೆಯೊಂದನ್ನು ಎಳೆದರು. ಬೇರೆಯವರಿಗೆ ನೂರಾರು ಸಲ ಕೊಟ್ಟಿದ್ದರು. ತುಂಬುವುದು ಇದೇ ಮೊದಲು. ನಮೂನೆ ಬಂದದ್ದು ಸಮುದ್ರದಾಚೆಯ ಮುಖ್ಯ ಕಚೇರಿಯಿಂದ. ಪೂರೈಸುವವರು ನಿಮಗೆ ಏನಾಗಬೇಕು? ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು: ಐದು ಚೌಕ. ಬೀಗರಿಗೆ ಚೌಕವಿರಲಿಲ್ಲ. ಆ ನಮೂನೆ ಬರೆದವರ ಊರಿನಲ್ಲಿ ಮಕ್ಕಳ ಮದುವೆಯಾದರೆ ಅದು ಮಕ್ಕಳ ಪಾಡು. ಅಪ್ಪಂದಿರು ಒಬ್ಬರಿಗೊಬ್ಬರು ಕೈ ಕುಲುಕಿ ಅವರವರ ದಾರಿ ಹಿಡಿಯುತ್ತಾರಂತೆ.

ನಿರ್ದೇಶಕರ ಬಳಿ ಹೋದರು. ನಿರ್ದೇಶಕರಿಗೆ ಲೈನಿಂಗ್ ತಡವಾದರೆ ಮೂರು ಆಸ್ಪತ್ರೆಗಳ ಲಿಫ್ಟು ತಡವಾಗುತ್ತದೆ ಎಂಬ ಚಿಂತೆ.

"ಚೌಕ ಇಲ್ಲ ಅಂದ್ಮೇಲೆ ಸಂಬಂಧಾನೂ ಇಲ್ಲ ಅಂತ ಅರ್ಥ ಅಲ್ವಾ ಮೇಡಂ? ನೀವಾಗಿ ಯಾಕೆ ಚೌಕಟ್ಟಿಗೆ ಸಿಕ್ಕಿಹಾಕ್ಕೊಳ್ತೀರಾ?"

"ಸಾರ್, ಚೌಕ ಇಲ್ಲದಿದ್ರೆ ಗೀಚಿಕೊಳ್ಳಬಹುದು. ಸ್ಕೇಲಿದೆ ನನ್ನ ಹತ್ರ."

ಸ್ಕೇಲು ಹಿಡಿದು ಆರನೆಯ ಚೌಕ ಗೀಚಿ, ಪಕ್ಕದಲ್ಲಿ 'ಬೀಗರು' ಎಂದು ಬರೆದು, ಗುರುತು ಹಾಕಿದರು. ಕೆಳಗೆ ಎರಡು ಸಾಲು: ಈ ಕಾರ್ಖಾನೆಯ ತಪಾಸಣೆಯನ್ನು ಇನ್ನು ಮುಂದೆ ನಾನು ಮಾಡಕೂಡದು. ಕ್ಯಾಂಟೀನ್ ಹಿಂದಿನ ಶೆಡ್ಡಿನಲ್ಲಿ ಒಡೆಯದ ರಿಜೆಕ್ಟ್ ಇದೆಯೆಂದು ಕೇಳಿದ್ದೇನೆ; ಹನ್ನೊಂದು ತಪಾಸಣೆಯಲ್ಲಿ ನಾನು ಆ ಕಡೆ ಹೋಗಿಯೇ ಇಲ್ಲ.

ಮುಖ್ಯ ಕಚೇರಿಯಿಂದ ಮರುದಿನ ಫೋನು ಬಂತು. ಬೀಗರು ಎಂದರೆ ರಕ್ತಸಂಬಂಧವೇ ಎಂದು ಕೇಳಿದರು.

"ಅಲ್ಲ. ಅದಕ್ಕಿಂತ ಅಪಾಯ," ಎಂದರು ಫ್ಲಾಸ್ಕಮ್ಮನವರು. "ರಕ್ತಸಂಬಂಧದೋರ ಜೊತೆ ಜಗಳ ಆಡಬಹುದು. ಬೀಗರ ಜೊತೆ ಆಡೋ ಹಾಗಿಲ್ಲ."

ವಾರದೊಳಗೆ ಆರು ಚೌಕದ ಹೊಸ ನಮೂನೆ ಬಂತು.

ತಪಾಸಣೆಗೆ ಬೇರೆ ಶಾಖೆಯಿಂದ ಸೊನ್ನೆ ಸಾಹೇಬರು ಬಂದರು. ದುಂಡು ಮುಖ, ದುಂಡು ಹೊಟ್ಟೆ, ದುಂಡು ಕನ್ನಡಕ. ತಪ್ಪು ಸಿಕ್ಕಿದರೆ ಅಂಕವೂ ದುಂಡು. ಆದರೆ ಅವರಿಗೆ ಚಹಾ ಎಂದರೆ ಪ್ರಾಣ. ಹೋದಲ್ಲೆಲ್ಲ ಕ್ಯಾಂಟೀನಿನಲ್ಲೇ ಠಿಕಾಣಿ. ನಾಲ್ಕು ಲೋಟ ಕುಡಿದು, ಐದನೆಯದನ್ನು ಕೈಯಲ್ಲಿ ಹಿಡಿದು ಹಿಂದಿನ ಬಾಗಿಲಿನಿಂದ ಶೆಡ್ಡಿಗೆ ಕಾಲಿಟ್ಟರಂತೆ. ಅಡುಗೆಯವನಿಗೆ "ಚಹಾ ಅಮೃತ ಕಣಪ್ಪ" ಎಂದು ಹೇಳಿ, ಸಾಹುಕಾರರಿಗೆ ಸೊನ್ನೆ ಬರೆದರಂತೆ. ಅವರಿಗೆ ಯಾವ ಗಾದೆಯನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಕಾಣುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಆರು ವರ್ಷದಿಂದ ಪ್ರತಿ ಲೈನಿಂಗಿನ ಬೆನ್ನಿಗೂ ಒಂದು ನಂಬರು ಒತ್ತುವ ಪದ್ಧತಿ ಇತ್ತು; ಶೋಕೇಸಿನ ಪುಟ್ಟ ಮನೆಯ ತುಂಡುಗಳು ಅದಕ್ಕೂ ಹಳೆಯವು. ಸಾಹೇಬರು ರಿಜೆಕ್ಟ್ ಪುಸ್ತಕ ಹಿಡಿದು ರಾಶಿಯ ಒಂದೊಂದೇ ತುಂಡನ್ನು ಮಗುಚಿ ನಂಬರು ತಾಳೆ ನೋಡಿದರು. ಹದಿನೈದು ಕಡಿಮೆ ಬಂದವು. ಕಾರ್ಖಾನೆಯೆಲ್ಲ ಜಾಲಾಡಿದರು. ಕ್ಯಾಂಟೀನಿನ ಕುಂಟು ಮೇಜಿನ ಕಾಲಡಿ ನಾಲ್ಕು, ಬಾಗಿಲಿಗೆ ಒತ್ತಾಗಿ ಮೂರು, ಹೂಕುಂಡದ ಕೆಳಗೆ ಆರು, ಕಾವಲುಗಾರನ ಮಂಚದ ಅಡಿ ಒಂದು. ಹದಿನಾಲ್ಕು. ಒಂದು ಸಿಗಲಿಲ್ಲ.

ಆ ಒಂದು ಯಾವುದಾದರೂ ಲಿಫ್ಟಿನೊಳಗೆ ಹೋಗಿದ್ದರೆ ಸಾಹುಕಾರರ ಕಾರ್ಖಾನೆಗೆ ಶಾಶ್ವತ ಬೀಗ. ಸಿಗುವವರೆಗೆ ಪೂರೈಕೆ ಬಂದ್ ಎಂದು ಬರೆದು ಸೊನ್ನೆ ಸಾಹೇಬರು ಕಂಪನಿಗೆ ಮರಳಿದರು. ಆರು ವರ್ಷದ ಲಿಫ್ಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಲು ತಂಡ ತಯಾರಾಯಿತು.

ಅದೇ ಸಂಜೆ ಸಾಹುಕಾರರ ಫೋನು.

"ಮೇಡಂ ಅನ್ನಲೋ, ಬೀಗಿತಿ ಅನ್ನಲೋ ಗೊತ್ತಾಗ್ತಿಲ್ಲ ನನಗೆ! ಹನ್ನೊಂದು ವರ್ಷ ನೀರು ಮುಟ್ಟಲಿಲ್ಲ ನೀವು. ಒಂದೇ ಒಂದು ಸಲ ನಮ್ಮನೆ ಚಹಾ ಕುಡಿದ್ರಿ, ಅದೇ ವಾರ ನಮ್ಮನೆಗೆ ಎರಡು ಬಗೆದ್ರಲ್ಲ!"

ಗಾದೆ ತಿರುಗಿ ಬಂದು ತಮ್ಮ ಬಾಗಿಲನ್ನೇ ಬಡಿದದ್ದು ಕೇಳಿ ಫ್ಲಾಸ್ಕಮ್ಮನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಸಾಹುಕಾರ್ರೇ, ಕುಡಿದೆ, ಅದಕ್ಕೇ ಕೆಲಸ ಬೇರೆಯವರಿಗೆ ಬಿಟ್ಟೆ. ಕುಡೀದೇ ಇದ್ದಿದ್ರೆ ಈ ವರ್ಷಾನೂ ಗೇಟ್ ಹತ್ರ ಕೂತು ಪಾಸ್ ಬರೆದು ಬರ್ತಿದ್ದೆ. ತಪ್ಪು ಶೆಡ್ಡಿಂದು ಅಷ್ಟೇ ಅಲ್ಲ, ಬೆಂಚಿಂದೂ ಇದೆ. ಅದನ್ನೂ ಬರೆದಿದೀನಿ, ಓದಿ."

"ಸಾಹೇಬ್ರು ತೋರಿಸಿದ್ರು, ಓದಿದೆ," ಎಂದರು ಸಾಹುಕಾರರು. ದನಿ ಸ್ವಲ್ಪ ಇಳಿಯಿತು. "ಒಡೆಯೋಕೆ ಮನಸು ಬರ್ತಿರ್ಲಿಲ್ಲ ಮೇಡಂ. ಒಂದೊಂದನ್ನೂ ನಾನೇ ಅಚ್ಚಲ್ಲಿ ಹಾಕಿ ಬೇಯಿಸಿದ್ದು. ಮೋಸ ಮಾಡೋ ಯೋಚನೆ ಸತ್ಯವಾಗ್ಲೂ ಇರ್ಲಿಲ್ಲ. ಆದ್ರೆ ಆ ಒಂದು ಎಲ್ಲಿ ಹೋಯ್ತೋ... ಅದು ಸಿಗೋವರೆಗೂ ಮದುವೆ ಮಾತು ಬೇಡ. ನಾಳೆ ಏನಾದ್ರೂ ಆದ್ರೆ, ಮಗಳು ತಲೆ ಎತ್ಕೊಂಡು ನಿಮ್ಮನೆಗೆ ಹೇಗೆ ಬರ್ತಾಳೆ?"

ಅಂದು ಮಗ ಊಟ ಮಾಡಲಿಲ್ಲ. ತಾಯಿಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಫ್ಲಾಸ್ಕಮ್ಮನವರಿಗೆ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕೋಣೆಗೆ ಬಂದರು. ಫ್ಯಾನು ಹಾಕಿದರು. ಆರು ಚೌಕದ ಹೊಸ ನಮೂನೆಗಳು ಹಾರಾಡಿದವು. ಅಭ್ಯಾಸಬಲದಿಂದ ಕಪ್ಪು ತುಂಡನ್ನು ಎತ್ತಿ ಅವುಗಳ ಮೇಲೆ ಇಡಹೊರಟವರು ಹಾಗೇ ನಿಂತರು. ನಿಧಾನವಾಗಿ ತುಂಡಿನ ಬೆನ್ನು ತಿರುಗಿಸಿ ನೋಡಿದರು. ಧೂಳು ಉಜ್ಜಿದರು. ನಂಬರು ಮೂಡಿತು. ಸಿಗದ ನಂಬರನ್ನು ಅವರು ರಾತ್ರಿಯೆಲ್ಲ ಜಪ ಮಾಡಿದ್ದರು. ಅದೇ.

ಎಲ್ಲ ನೆನಪಾಯಿತು. ಐದು ವರ್ಷದ ಹಿಂದೆ, ಕಂಪನಿಗೆ ಹೊಸದಾಗಿ ಸೇರಿದವರಿಗೆ ಪಾಠ ಮಾಡಬೇಕಿತ್ತು. ತಪಾಸಣೆಗೆ ಹೋದಾಗ, ತೋರಿಸಲು ಒಂದು ಲೈನಿಂಗ್ ಬೇಕಿತ್ತಲ್ಲ ಎಂದಿದ್ದರು. ಸಾಹುಕಾರರು ಮೇಜಿನ ಮೇಲೆ ಕಾಗದಕ್ಕೆ ಭಾರವಾಗಿ ಇಟ್ಟುಕೊಂಡಿದ್ದ ತುಂಡನ್ನೇ ಎತ್ತಿ, "ತಗೊಳ್ಳಿ ಮೇಡಂ, ಇದು ಕಸ, ಉಡುಗೊರೆ ಅಲ್ಲ" ಎಂದು ಕೊಟ್ಟಿದ್ದರು. ಕಸವಾದ್ದರಿಂದ ಫ್ಲಾಸ್ಕಮ್ಮನವರು ಪುಸ್ತಕದಲ್ಲಿ ಬರೆಯಲಿಲ್ಲ. ಪಿನ್ನನ್ನೂ ಬಿಡದೆ ಬರೆಸುವವರು, ಇಡೀ ಕಂಪನಿಯ ಘೋಷಣೆಗಳನ್ನು ಐದು ವರ್ಷ ಅಘೋಷಿತ ಉಡುಗೊರೆಯ ಅಡಿಯಲ್ಲಿ ಒತ್ತಿಟ್ಟಿದ್ದರು!

ಮೊದಲು ಗಟ್ಟಿಯಾಗಿ ನಗು ಬಂತು. ಪಕ್ಕದ ಕೋಣೆಯವರು ಇಣುಕಿದರು. ನಗು ನಿಂತ ಮೇಲೆ, ಕಿಟಕಿಯಾಚೆ ಮರಳು ಚೀಲಗಳು ಒಂದು ಸಲ ಮೇಲೆ ಹೋಗಿ ಬರುವಷ್ಟು ಹೊತ್ತು ಯೋಚಿಸಿದರು. ಆ ತುಂಡನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ, ಸಾಹುಕಾರರ ಕಾರ್ಖಾನೆಯ ಯಾವುದೋ ಕಪಾಟಿನ ಹಿಂದೆ 'ಸಿಕ್ಕಿತು' ಎಂದರೆ ಕೇಳುವವರಿಲ್ಲ. ಮಾನಕ್ಕೆ ಮಾನ, ಮದುವೆಗೆ ಮದುವೆ. ಆದರೆ ಆ ಕೆಲಸಕ್ಕೆ ಬೇಕಾದ ಕೈ ತಮ್ಮದಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಉಡುಗೊರೆ ಪುಸ್ತಕ ತೆರೆದು ಬರೆದರು. ವಸ್ತು: ಲೈನಿಂಗ್, ಒಂದು. ಕೊಟ್ಟವರು: ಈಗ ಬೀಗರು. ಪಡೆದವರು: ನಾನು. ತಡವಾದದ್ದು: ಐದು ವರ್ಷ. ತಡ ಮಾಡಿದವರಿಗೆಲ್ಲ ಅವರು ಒಂದು ಎಚ್ಚರಿಕೆ ಪತ್ರ ಕಳುಹಿಸುವ ಪದ್ಧತಿ. ಅದನ್ನೂ ಟೈಪು ಮಾಡಿದರು. ಕಳುಹಿಸಿದವರ ಸಹಿ, ಸ್ವೀಕರಿಸಿದವರ ಸಹಿ ಎರಡನ್ನೂ ತಾವೇ ಹಾಕಿ, ಒಂದು ಪ್ರತಿ ನಿರ್ದೇಶಕರಿಗೆ ಕೊಟ್ಟು, ತುಂಡನ್ನು ಸೊನ್ನೆ ಸಾಹೇಬರ ಮುಂದೆ ಇಟ್ಟರು.

ಸೊನ್ನೆ ಸಾಹೇಬರು ನಂಬರು ನೋಡಿದರು, ಕನ್ನಡಕ ತೆಗೆದರು, ಒರೆಸಿದರು, ಮತ್ತೆ ನೋಡಿದರು.

"ಮೇಡಂ, ಇಪ್ಪತ್ತು ವರ್ಷದ ಸರ್ವಿಸ್ಸಲ್ಲಿ ಸೊನ್ನೆಗಿಂತ ಕಡಿಮೆ ಯಾರಿಗೂ ಕೊಟ್ಟಿಲ್ಲ. ನಿಮಗೆ ಏನು ಕೊಡಲಿ?"

"ಕೊಡಬೇಕಾದ್ದು ಕೊಡಿ. ಆದ್ರೆ ಲಿಫ್ಟ್ ಬಿಚ್ಚೋಕೆ ಹೊರಟವರನ್ನ ಮೊದಲು ವಾಪಸ್ ಕರೀರಿ."

ಫ್ಲಾಸ್ಕಮ್ಮನವರಿಗೂ ಒಂದು ಸೊನ್ನೆ ಬಂತು, ಆ ವರ್ಷದ ಬಡ್ತಿ ಹೋಯಿತು. ನಾಲ್ಕನೆಯ ಮಹಡಿಯಲ್ಲಿ ಹೇಗೂ ಇರುವುದು ನೀರಿನ ಟ್ಯಾಂಕು ಎಂದು ಅವರು ಮನೆಯಲ್ಲಿ ಹೇಳಿದರು. ಸಾಹುಕಾರರ ಕಾರ್ಖಾನೆಯಲ್ಲಿ ರಾಶಿಯೆಲ್ಲ ಸುತ್ತಿಗೆಯಡಿ ಪುಡಿಯಾಯಿತು, ಶೆಡ್ಡು ಖಾಲಿಯಾಯಿತು. ಮತ್ತೆ ಪೂರೈಕೆಗೆ ಒಪ್ಪಿಗೆ ಸಿಗಲು ಇನ್ನೊಂದು ತಪಾಸಣೆ ಬಾಕಿ ಇತ್ತು, ಅಷ್ಟೆ.

ಮುಂದಿನ ಭಾನುವಾರ ಬೆಳಿಗ್ಗೆ ಫ್ಲಾಸ್ಕಮ್ಮನವರ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಸಾಹುಕಾರರು, ಅವರ ಹೆಂಡತಿ, ಹುಡುಗಿ. ಸಾಹುಕಾರರ ಕೈಯಲ್ಲಿ ಹೊಚ್ಚ ಹೊಸ ಫ್ಲಾಸ್ಕು, ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಒಳಗೆ ಬಂದು ಕೂತು, ಮುಚ್ಚಳ ತಿರುಗಿಸಿ, ತಮ್ಮ ಚಹಾ ತಾವೇ ಬಗ್ಗಿಸಿಕೊಂಡರು.

"ತಪ್ಪು ತಿಳೀಬೇಡಿ. ಒಪ್ಪಿಗೆ ಬರೋವರೆಗೂ ನಿಮ್ಮನೆ ನೀರೂ ಮುಟ್ಟಲ್ಲ. ನಿಯಮ ಅಂದ್ರೆ ನಿಯಮ."

"ಅಪ್ಪಾ!" ಎಂದಳು ಹುಡುಗಿ, ನಾಚಿಕೆಯಿಂದ ಕೆಂಪಾಗಿ. ಮಗ ನಗು ತಡೆಯಲು ತನ್ನ ಹಲ್ಲುಗಳನ್ನು ತಾನೇ ಕಚ್ಚಿ ಹಿಡಿದಿದ್ದ.

"ಒಪ್ಪಿಗೆ ಕೊಡೋದು ಸೊನ್ನೆ ಸಾಹೇಬರು," ಎಂದರು ಫ್ಲಾಸ್ಕಮ್ಮನವರು. "ನಿಮ್ಮ ಕಡತದಲ್ಲಿ ನನ್ನ ಕೈ ಇಲ್ಲ ಈಗ. ನಮ್ಮನೇಲಿ ನೀವು ಊಟಾನೇ ಮಾಡಬಹುದು."

ಸಾಹುಕಾರರು ಮೀಸೆ ತಿರುವುತ್ತಾ ಕಾನೂನು ಸರಿಯಿದೆಯೇ ಎಂದು ಯಜಮಾನರ ಮುಖ ನೋಡಿದರು. ಯಜಮಾನರು ಹಸಿರು ಸಿಗ್ನಲ್ಲಿನ ಹಾಗೆ ತಲೆಯಾಡಿಸಿದರು.

"ಹಾಗಾದ್ರೆ ಮೊದಲು ನೀವು," ಎಂದು ಸಾಹುಕಾರರು ಮುಚ್ಚಳ ತುಂಬಿದ ಚಹಾವನ್ನು ಮುಂದೆ ಚಾಚಿದರು.

ಫ್ಲಾಸ್ಕಮ್ಮನವರು ಎರಡೂ ಕೈಯಲ್ಲಿ ತೆಗೆದುಕೊಂಡು ಒಂದು ಗುಟುಕು ಕುಡಿದರು. "ಸಕ್ಕರೆ ಕಡಿಮೆ," ಎಂದರು. "ಫೇಲ್."

ಸಾಹುಕಾರರು ಮನೆ ನಡುಗುವಂತೆ ನಕ್ಕರು. "ಏ ಇವಳೇ, ಬರ್ಕೋ, ಮದುವೆ ದಿನ ಬೀಗಿತಿಗೆ ಎರಡು ಚಮಚ ಜಾಸ್ತಿ!"